ಫ್ರಾಂಕ್‌ಫರ್ಟಿಂದ ಲಂಡನ್‌ಗೆ: ಟಿಕೆಟ್ ಬುಕ್ ಮಾಡೋ ಮುಂಚೆ ಇದನ್ನ ಓದಿ

ಹೊಸದಾಗಿ ಫ್ರಾಂಕ್‌ಫರ್ಟಿಗೆ ಬಂದವರು ಸಂಘದಲ್ಲಿ ಕೇಳೋ ಪ್ರಶ್ನೆ ಇದು, ಲಂಡನ್‌ನಲ್ಲಿ ಅಕ್ಕ ಇದಾಳೆ, ಶನಿವಾರ ಹೋಗಿ ಭಾನುವಾರ ಬಂದ್ಬಿಡಬಹುದಾ ಅಂತ. ಲಂಡನ್‌ನ ಹೀಥ್ರೂ ಏರ್‌ಪೋರ್ಟಿಗೆ ನೇರ ಆಕಾಶದಲ್ಲಿ ಸುಮಾರು 650 ಕಿಲೋಮೀಟರ್, ಹೆಚ್ಚುಕಮ್ಮಿ ಬೆಂಗಳೂರಿಂದ ಬೀದರ್‌ಗೆ ರಸ್ತೇಲಿ ಹೋದಷ್ಟು. ಟೈಮ್‌ಟೇಬಲ್‌ನಲ್ಲಿ ಒಂದು ಗಂಟೆ 40 ನಿಮಿಷದ ಆಸುಪಾಸು ಇರುತ್ತೆ, ಆದ್ರೆ ನಿಜವಾಗಿ ಹಾರೋದು ಒಂದೂಕಾಲು ಗಂಟೆ ಅಷ್ಟೇ. ಮಿಕ್ಕಿದ್ದು ರನ್‌ವೇವರೆಗೆ ಉರುಳಿಕೊಂಡು ಹೋಗೋಕೆ, ಸರದಿ ಕಾಯೋಕೆ. ಹೀಥ್ರೂಲಿ ಎರಡೇ ರನ್‌ವೇ, ಯಾವಾಗಲೂ ತುಂಬಿರುತ್ತೆ, ಇಳಿಯೋ ಮುಂಚೆ ಮೇಲೇ ಎರಡು ಸುತ್ತು ಹಾಕಿದ್ರೆ ಗಾಬರಿ ಬೇಡ.

ಗಡಿಯಾರದ ವಿಷಯ ಎಲ್ಲರನ್ನೂ ಗೊಂದಲ ಮಾಡುತ್ತೆ. ಲಂಡನ್ ನಮಗಿಂತ ಒಂದು ಗಂಟೆ ಹಿಂದೆ, ಬೇಸಿಗೆಲೂ ಚಳಿಗಾಲದಲ್ಲೂ ಅಷ್ಟೇ. ಹಾಗಾಗಿ ಬೆಳಿಗ್ಗೆ 10ಕ್ಕೆ ಹೊರಟ್ರೆ ಟಿಕೆಟ್‌ನಲ್ಲಿ 10:40ಕ್ಕೆ ತಲುಪೋದು ಅಂತ ಇರುತ್ತೆ, ವಾಪಸ್ ಬರೋವಾಗ ಅದೇ ದಾರಿಗೆ ಎರಡೂವರೆ ಗಂಟೆ ಮೇಲೆ ಕಾಣುತ್ತೆ. ಭಾನುವಾರ ರಾತ್ರಿ ಫ್ಲೈಟ್ ಹಿಡಿದು ಸೋಮವಾರ ಮಕ್ಕಳನ್ನ ಸ್ಕೂಲಿಗೆ ಕಳಿಸೋರು ಈ ಒಂದು ಗಂಟೆ ಮರೀಬೇಡಿ, ದಯವಿಟ್ಟು.

ಮನೆಯಿಂದ ಮನೆಗೆ ಆರು ಗಂಟೆ ಇಟ್ಕೊಳ್ಳಿ. ಬ್ರಿಟನ್ ಶೆಂಗೆನ್ (ಒಳಗಡೆ ಪಾಸ್‌ಪೋರ್ಟ್ ಲೈನ್ ಇಲ್ಲದೆ ಓಡಾಡೋ ಯುರೋಪ್ ದೇಶಗಳ ಗುಂಪು) ಅಲ್ಲ, ಪಾಸ್‌ಪೋರ್ಟ್ ಲೈನ್ ಎರಡೂ ಕಡೆ ಇದೆ, ಮಕ್ಕಳಿದ್ರೆ ಎರಡು ಗಂಟೆ ಮುಂಚೆ ಏರ್‌ಪೋರ್ಟಲ್ಲಿರಿ. ನಮ್ಮ ಕಡೆ ಮೇನ್ ಸ್ಟೇಷನ್‌ನಿಂದ ಎಸ್8, ಎಸ್9 ಟ್ರೈನ್ ಕಾಲು ಗಂಟೆಯೊಳಗೆ ಏರ್‌ಪೋರ್ಟಿಗೆ ತಲುಪಿಸುತ್ತೆ, ಆ ಕಡೆ ಹೀಥ್ರೂಯಿಂದ ಲಂಡನ್‌ನ ಪ್ಯಾಡಿಂಗ್‌ಟನ್ ಸ್ಟೇಷನ್‌ಗೆ ಎಲಿಜಬೆತ್ ಲೈನ್ ಟ್ರೈನಲ್ಲಿ ಅರ್ಧ ಗಂಟೆ. ಅಗ್ಗ ಅಂತ ಫ್ರಾಂಕ್‌ಫರ್ಟ್ ಹಾನ್ ಅಂತ ಹೆಸರಿರೋ ಟಿಕೆಟ್ ತಗೊಂಡ್ರೆ ಅದು ಊರಿಂದ ಸುಮಾರು 120 ಕಿಲೋಮೀಟರ್ ದೂರದ ಬೇರೆ ಏರ್‌ಪೋರ್ಟು, ಉಳಿಸಿದ ದುಡ್ಡು ಬಸ್ಸಿಗೆ ಹೋಗುತ್ತೆ, ನಿದ್ದೆಗೆಟ್ಟ ಮಕ್ಕಳು ಬೇರೆ.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. ಜರ್ಮನಿ ರೆಸಿಡೆನ್ಸ್ ಕಾರ್ಡ್ ಇದ್ರೂ ನಮ್ಮ ಇಂಡಿಯನ್ ಪಾಸ್‌ಪೋರ್ಟಿಗೆ ಬ್ರಿಟನ್ ವೀಸಾ ಬೇಕೇ ಬೇಕು, ಮಗುವಿಗೂ ಬೇರೆ. ಮೊದಲು ವೀಸಾ, ಆಮೇಲೆ ಟಿಕೆಟ್. ಅಕ್ಕನಿಗೆ ಅಂತ ತುಪ್ಪ, ಪನೀರ್, ಮೊಸರು ಕಟ್ಕೊಂಡು ಹೋಗ್ಬೇಡಿ, 2025ರ ಏಪ್ರಿಲ್‌ನಲ್ಲಿ ಯುರೋಪಿಂದ ಹಾಲಿನ ಪದಾರ್ಥ ತರೋದನ್ನ ಬ್ರಿಟನ್ ನಿಲ್ಲಿಸಿದೆ. ಚಟ್ನಿ, ಉಪ್ಪಿನಕಾಯಿನ ಚೆಕ್‌ಇನ್ ಬ್ಯಾಗಲ್ಲೇ ಹಾಕಿ.

ಊರಿಂದ ಅಪ್ಪ ಅಮ್ಮನ ಕರೆಸ್ಕೊಳ್ಳೋವಾಗ ಟಿಕೆಟ್ ಕಮ್ಮಿ ಇದೆ ಅಂತ ಹೀಥ್ರೂಲಿ ವಿಮಾನ ಬದಲಿಸೋ ಹಾಗೆ ಬುಕ್ ಮಾಡ್ಬೇಡಿ. ಬರೀ ಶೆಂಗೆನ್ ವಿಸಿಟ್ ವೀಸಾ ಇರೋರಿಗೆ ಅಲ್ಲಿ ಟ್ರಾನ್ಸಿಟ್ ವೀಸಾ ಬೇರೆ ಬೇಕು, ಇಲ್ಲಾಂದ್ರೆ ಬೆಂಗಳೂರಲ್ಲೇ ಹತ್ತಿಸಲ್ಲ. ಬೆಂಗಳೂರಿಂದ ಇಲ್ಲಿಗೆ ನೇರ ಫ್ಲೈಟ್ ಇದೆ, ಅದನ್ನೇ ಮೊದಲು ನೋಡಿ.