ತೋಟದ ಮೋಟಾರು, ಕೇಬಲ್ಲು ಉಳಿಸಿಕೊಂಡಿದ್ದು ಹೀಗೆ

ಕೊಡಗಿನ ಸಿದ್ದಾಪುರದ ಕಡೆ ನಮ್ಮದು ಸಣ್ಣ ರೊಬಸ್ಟಾ ಕಾಫಿ ತೋಟ. ಕಣದ ಕಾಫಿಗೆ, ಬಳ್ಳಿಯ ಮೆಣಸಿಗೆ ನಾವೆಲ್ಲ ಕಾವಲು ಹಾಕುತ್ತೇವೆ. ಕೆರೆ ದಂಡೆಯ ಮೋಟಾರು, ಕೇಬಲ್ಲು, ಸ್ಪ್ರಿಂಕ್ಲರ್ ಜೆಟ್ಟುಗಳನ್ನು ಕಾಯುವವರು ಯಾರು? ಪಕ್ಕದ ತೋಟದವರು ಹೂವಿನ ನೀರು, ಅಂದರೆ ಕಾಫಿ ಹೂ ಅರಳಲು ಹಾಯಿಸುವ ನೀರು, ಕೊಡಲು ಹೊರಟ ಹೊತ್ತಿಗೇ ಅವರ ಕೇಬಲ್ಲು ಪೂರ್ತಿ ಕಳುವಾಗಿತ್ತು. ಅದನ್ನು ನೋಡಿ ನಾನು ಎಚ್ಚೆತ್ತೆ.

ಕಳ್ಳನ ಕಣ್ಣಿರುವುದು ತಾಮ್ರ, ಹಿತ್ತಾಳೆ ಮೇಲೆ. ಕೇಬಲ್ಲಿನ ಸಿಪ್ಪೆ ಸುಟ್ಟು ಗುಜರಿಗೆ ಹಾಕಿದರೆ ಅದು ಯಾರದ್ದು ಅಂತ ದೇವರಿಗೂ ಗೊತ್ತಾಗಲ್ಲ. ಹಾಗಾಗಿ ಕೆರೆಯವರೆಗಿನ ಕೇಬಲ್ಲನ್ನು ಅಲ್ಯೂಮಿನಿಯಂಗೆ ಬದಲಾಯಿಸಿದೆ. ಗುಜರಿಯಲ್ಲಿ ಅದಕ್ಕೆ ಅಂಥ ಬೆಲೆ ಇಲ್ಲ. ಅಷ್ಟೇ ದಪ್ಪದ ತಾಮ್ರದ ತಂತಿಗೆ ಹೋಲಿಸಿದರೆ ಅಲ್ಯೂಮಿನಿಯಂನ ವಿದ್ಯುತ್ ವಾಹಕತೆ ಶೇ. 60ರಷ್ಟು ಮಾತ್ರ, ಅದಕ್ಕೆ ದಪ್ಪ ಕೇಬಲ್ಲೇ ಬೇಕು. ಜಾಯಿಂಟಿಗೆ ಸರಿಯಾದ ಲಗ್ (ತಂತಿ ತುದಿಗೆ ಕೂರಿಸುವ ಲೋಹದ ತುಂಡು) ಹಾಕಿಸಿ, ಇಲ್ಲದಿದ್ದರೆ ಬಿಸಿಯಾಗಿ ಸುಟ್ಟುಹೋಗುತ್ತದೆ. ನಾನು ಪೈಪಿನೊಳಗೆ ಎಳೆಸಿ ಮಣ್ಣಲ್ಲಿ ಹೂಳಿಸಿದೆ. ಖರ್ಚು ಆಯಿತು, ಇಲ್ಲ ಅನ್ನಲ್ಲ.

ಮೋಟಾರಿಗೆ ಅಪಾಯ ಬೇಸಿಗೆಗಿಂತ ಮಳೆಗಾಲದಲ್ಲೇ ಜಾಸ್ತಿ. ಫೆಬ್ರವರಿ, ಮಾರ್ಚಿನಲ್ಲಿ ಹೂವಿನ ನೀರು, ಆಮೇಲೆ ಬ್ಯಾಕಿಂಗ್ (ಹೂ ಅರಳಿದ ಮೇಲೆ ಕಾಯಿ ಕಟ್ಟಲು ಕೊಡುವ ನೀರು) ಅಂತ ದಿನಾ ಜನ ಓಡಾಡುತ್ತಾರೆ. ಮಳೆ ಹಿಡಿದ ಮೇಲೆ ಆ ಕಡೆ ತಲೆ ಹಾಕುವವರಿಲ್ಲ. ಕಳುವಾದರೂ ತಿಂಗಳುಗಟ್ಟಲೆ ಗೊತ್ತಾಗಲ್ಲ. ಅದಕ್ಕೇ ಮೋಟಾರನ್ನು ಚಕ್ರದ ಫ್ರೇಮಿಗೆ ಕೂರಿಸಿದ್ದೇನೆ. ನೀರಿನ ಕೆಲಸ ಮುಗಿದ ಕೂಡಲೇ ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆದು ತರುತ್ತೇವೆ. ಜೆಟ್ಟುಗಳೂ ಬಿಚ್ಚಿ ಒಳಗೆ. ಬೋಲ್ಟಿಗೆ ವೆಲ್ಡಿಂಗ್ ಮಾಡಿಸಿ ಅಂತ ಕೆಲವರು ಹೇಳಿದರು. ರಿಪೇರಿಗೆ ನಾವೇ ಗ್ರೈಂಡರ್ ಹಿಡಿದು ಕೂರಬೇಕಾಗುತ್ತದೆ, ಬೇಡ ಅನಿಸಿತು.

ಸೋಲಾರ್ ಕ್ಯಾಮೆರಾ ಹಾಕಿಸಿದ್ದೇನೆ. ಬೇಸಿಗೆಯಲ್ಲಿ ಪರವಾಗಿಲ್ಲ, ಆನೆ ಬಂದಿದ್ದೂ ಗೊತ್ತಾಗುತ್ತದೆ. ಜುಲೈನಲ್ಲಿ ಬಿಸಿಲೇ ಇಲ್ಲ, ನೆಟ್‌ವರ್ಕೂ ಇಲ್ಲ. ನಮ್ಮೂರ ಮಳೆ ನೋಡದವರು ಮಾಡಿದ ವಸ್ತು!

ವೀಡ್ ಕಟರ್, ಚೈನ್ ಸಾ, ಪೈಪುಗಳ ಮೇಲೆ ಮನೆ ಹೆಸರಿನ ಅಕ್ಷರಗಳನ್ನು ಪಂಚ್ ಹೊಡೆಸಿದ್ದೇನೆ, ಎರಡು ಕಡೆ: ಒಂದು ಕಾಣುವ ಜಾಗ, ಇನ್ನೊಂದು ಕಾಣದ ಜಾಗ. ಸಂಜೆ ಯಂತ್ರ ಒಳಗಿಟ್ಟ ಮೇಲೆ ಮೇಸ್ತ್ರಿ ಪುಸ್ತಕದಲ್ಲಿ ಬರೆಯುತ್ತಾನೆ. ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬಕ್ಕೆ, ಹೇಗೂ ಎಲ್ಲ ಸಲಕರಣೆ ತೊಳೆದು ಪೂಜೆಗಿಡುತ್ತೇವಲ್ವಾ? ಆವತ್ತೇ ಪುಸ್ತಕ ಹಿಡಿದು ಲೆಕ್ಕ ಹಾಕುತ್ತೇನೆ, ಒಂದೊಂದರ ನಂಬರಿನ ಫೋಟೋ ತೆಗೆಯುತ್ತೇನೆ.

ದೂರು ಕೊಡುವಾಗ ಈ ನಂಬರು ಬೇಕೇ ಬೇಕು. ತೋಟ ಇಲ್ಲಿಟ್ಟು ಬೆಂಗಳೂರಲ್ಲಿರುವವರು ಒಂದು ವಿಷಯ ತಿಳಿದಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ದೂರನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ಕಳಿಸಬಹುದು, ಆದರೆ 3 ದಿನದೊಳಗೆ ಸಹಿ ಹಾಕಬೇಕು. ಹಳೇ ಮೋಟಾರಿಗೆ ಬಿಲ್ಲು ಇಲ್ಲದಿದ್ದರೆ ನೇಮ್ ಪ್ಲೇಟನ್ನು ಉಜ್ಜಿ, ಈಗಲೇ ಒಂದು ಫೋಟೋ ತೆಗೆದಿಡಿ.