ವಿಮಾನದ ದೂರ, ಹೊತ್ತು: ನಾನು ಲೆಕ್ಕ ಹಾಕುವ ಬಗೆ

ಆಫೀಸಿನವರಿಗೆ ವಿಮಾನದ ಟಿಕೆಟ್ ಮಾಡಿಸುವ ಕೆಲಸ ನನ್ನದು. ದೂರ, ಹೊತ್ತು ಎರಡನ್ನೂ ಆ್ಯಪ್ ಹೇಳುತ್ತದೆ, ನಿಜ. ಆದರೂ ನಾನೇ ಒಂದು ಸಲ ಲೆಕ್ಕ ಹಾಕಿ ನೋಡುತ್ತೇನೆ. ಮಧ್ಯೆ ವಿಮಾನ ಬದಲಿಸಲು ಎಷ್ಟು ಬಿಡುವು ಇಡಬೇಕು ಅನ್ನುವುದು ಆಗ ಸರಿಯಾಗಿ ಗೊತ್ತಾಗುತ್ತದೆ.

ಬೆಂಗಳೂರು–ದೆಹಲಿ ತುಂಬಾ ಸುಲಭ. ಎರಡೂ ಹೆಚ್ಚುಕಮ್ಮಿ ಒಂದೇ ರೇಖಾಂಶದಲ್ಲಿವೆ. ದೆಹಲಿ ನಿಲ್ದಾಣದ ಅಕ್ಷಾಂಶ 28.56, ನಮ್ಮದು 13.20. ವ್ಯತ್ಯಾಸ 15.36 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಗುಣಿಸಿದರೆ ಸುಮಾರು 1,707 ಕಿ.ಮೀ. ಕ್ಯಾಲ್ಕುಲೇಟರ್ ಸಾಕು.

ಸ್ಯಾನ್ ಫ್ರಾನ್ಸಿಸ್ಕೋಗೆ ಇದು ನಡೆಯುವುದಿಲ್ಲ. ಭೂಮಿ ದುಂಡಗಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರಲೇಬೇಕು. ನಾನು ಎಕ್ಸೆಲ್‌ನಲ್ಲಿ ಹೀಗೆ ಮಾಡುತ್ತೇನೆ: ಎರಡು ಅಕ್ಷಾಂಶಗಳ ಸೈನ್ ಗುಣಿಸಿ ಇಟ್ಟುಕೊಳ್ಳುವುದು. ಅವೆರಡರ ಕೊಸೈನ್‌ಗಳನ್ನು ರೇಖಾಂಶ ವ್ಯತ್ಯಾಸದ ಕೊಸೈನ್ ಜೊತೆ ಗುಣಿಸಿ ಅದಕ್ಕೆ ಕೂಡಿಸುವುದು. ಬಂದ ಸಂಖ್ಯೆಯ ಆರ್ಕ್‌ಕೊಸೈನ್ ತೆಗೆದು, ಭೂಮಿಯ ತ್ರಿಜ್ಯ 6,371ರಿಂದ ಗುಣಿಸುವುದು. ಎಕ್ಸೆಲ್‌ಗೆ ಡಿಗ್ರಿ ಅರ್ಥವಾಗುವುದಿಲ್ಲ, ಮೊದಲೇ ರೇಡಿಯನ್‌ಗೆ ಬದಲಿಸಬೇಕು. ಉತ್ತರ ಸುಮಾರು 13,990 ಕಿ.ಮೀ.

ಒಂದು ಕಡೆ ಮಾತ್ರ ತುಂಬಾ ಜಾಗ್ರತೆ ಬೇಕು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಬೇಕು. ಸ್ಯಾನ್ ಫ್ರಾನ್ಸಿಸ್ಕೋದ ರೇಖಾಂಶ 122.38ರ ಮುಂದೆ ಮೈನಸ್ ಬಿಟ್ಟುಹೋದರೆ ವಿಮಾನ ಚೀನಾದ ಶಾಂಡಾಂಗ್ ಕರಾವಳಿ ಹತ್ತಿರದ ಸಮುದ್ರಕ್ಕೆ ಹೋಗಿರುತ್ತದೆ, ದೂರ 5,200 ಕಿ.ಮೀ.ಗೆ ಇಳಿದಿರುತ್ತದೆ!

ಇನ್ನು ಹೊತ್ತು. ದೆಹಲಿಗೆ ಹೋಗುವ ಎ320 ತರಹದ ವಿಮಾನ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತದೆ. ಭಾಗಿಸಿದರೆ ಎರಡು ಗಂಟೆ ಚಿಲ್ಲರೆ. ಟಿಕೆಟ್‌ನಲ್ಲಿ ಮುಕ್ಕಾಲು ಗಂಟೆ ಜಾಸ್ತಿ ಇರುತ್ತದೆ, ಅಲ್ವಾ? ಅದು ಸುಮ್ನೆ ಸೇರಿಸಿದ್ದಲ್ಲ. ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗೆ ಲೆಕ್ಕ. ರನ್‌ವೇವರೆಗೆ ಸಾಗುವುದು, ನಿಧಾನಕ್ಕೆ ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲ ಅದರಲ್ಲಿ ಸೇರಿದೆ. ದೂರ ಎಷ್ಟೇ ಇರಲಿ, ನಾನು ಮೊದಲು ಅರ್ಧ ಗಂಟೆ ಕೂಡಿಸುತ್ತೇನೆ. ದೊಡ್ಡ ಊರುಗಳಿಗೆ ಮುಕ್ಕಾಲು.

ದೂರದ ಪ್ರಯಾಣದಲ್ಲಿ ಗಾಳಿಯದ್ದೇ ಆಟ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದಕ್ಕೇ ಲಂಡನ್‌ಗೆ ಹೋಗುವಾಗ ಹಿಡಿಯುವಷ್ಟು ಹೊತ್ತು ಬರುವಾಗ ಹಿಡಿಯುವುದಿಲ್ಲ. ದಾರಿಯೂ ನಕ್ಷೆಯ ಗೆರೆಯಂತೆ ಇರುವುದಿಲ್ಲ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಡುವಿನ ಅತಿ ಹತ್ತಿರದ ಗೆರೆ ಸುಮಾರು 71 ಡಿಗ್ರಿ ಉತ್ತರದವರೆಗೆ ಮಾತ್ರ ಹೋಗುತ್ತದೆ. ಆದರೆ 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಬಂತು. ಗಂಟೆಗೆ 900 ಕಿ.ಮೀ. ಅಂತ ಹಿಡಿದರೆ ನನ್ನ ಲೆಕ್ಕಕ್ಕೆ 16 ಗಂಟೆ. ಅದಕ್ಕೆ ಹಿಡಿದದ್ದು 17ರ ಆಸುಪಾಸು.

ಆ ವಿಮಾನ ಅಲ್ಲಿ ಶನಿವಾರ ರಾತ್ರಿ ಹೊರಟು ಇಲ್ಲಿ ಸೋಮವಾರ ಬೆಳಗಿನ ಜಾವ ಇಳಿಯಿತು. ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರ. ಅದಕ್ಕೇ ನಾನು ಎರಡನ್ನೂ ಭಾರತದ ಸಮಯಕ್ಕೆ ತಂದು ಕಳೆಯುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಾರ್ಚ್, ನವೆಂಬರ್‌ನಲ್ಲಿ ಗಡಿಯಾರ ಬದಲಾಗುವ ವಾರಗಳಲ್ಲಿ ಟಿಕೆಟ್ ಮಾಡಿಸುವುದಿದ್ದರೆ ಇದನ್ನು ತಪ್ಪದೆ ಎರಡು ಸಲ ನೋಡುತ್ತೇನೆ.