ಹೆಸರು ಬಿಡಿಸಿ ನೋಡಿದ ಊರು: ಸಾನ್ ಆಂದ್ರೆಸ್ ಚೊಲುಲಾ

ಮೊದಲ ಸಲ ಚೊಲುಲಾಕ್ಕೆ ಹೋದಾಗ ನಾನು ಏನನ್ನೂ ಸರಿಯಾಗಿ ನೋಡಲಿಲ್ಲ. ಅದು 2018ರ ಆರಂಭ. ಕೆಲಸದ ಮೇಲೆ ಮೆಕ್ಸಿಕೊದ ಪುಯೆಬ್ಲಾ ನಗರಕ್ಕೆ ಬಂದು ಮೂರು ವಾರವಾಗಿತ್ತು. ಪ್ರವಾಸಿ ಬಸ್ಸೊಂದರಲ್ಲಿ ಕುಳಿತು, ಮಧ್ಯಾಹ್ನದೊಳಗೆ ಮೂರು ಚರ್ಚು, ಒಂದು ಬೆಟ್ಟ ಮುಗಿಸಿ ಹಿಂತಿರುಗಿದೆ. ಬೆಟ್ಟದ ನೆತ್ತಿಯಲ್ಲಿ ಹಳದಿ ಬಣ್ಣದ ಚರ್ಚು, ಅದರ ಹಿಂದೆ ಹಿಮ ಹೊದ್ದ ಪರ್ವತ. ಫೋಟೊ ಚೆನ್ನಾಗಿಯೇ ಬಂತು. ಆ ಬೆಟ್ಟವೇ ಪರಿಮಾಣದಲ್ಲಿ ಜಗತ್ತಿನ ಅತಿ ದೊಡ್ಡ ಪಿರಮಿಡ್ ಎಂದು ಮಾರ್ಗದರ್ಶಿ ಹೇಳಿದ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ.

ಮನಸ್ಸಿಗೆ ಇಳಿಸಿದ್ದು ಊರಿನ ಹೆಸರುಗಳು. ನನ್ನ ತಂದೆ ಅರಸೀಕೆರೆಯಲ್ಲಿ ಶಾಲಾ ಶಿಕ್ಷಕರಾಗಿದ್ದರು. ಬಸ್ಸಿನಲ್ಲಿ ಹೋಗುವಾಗ ಊರಿನ ಫಲಕ ಕಂಡರೆ ಸಾಕು, "ಬಿಡಿಸಿ ಹೇಳು" ಎನ್ನುತ್ತಿದ್ದರು. ಕೆರೆ, ಹಳ್ಳಿ, ಸಂದ್ರ, ಪುರ ಎಂದು ಬಾಲದಿಂದ ಶುರು ಮಾಡಿ ತಲೆಗೆ ಬರಬೇಕು. ಅದೇ ಅಭ್ಯಾಸದಿಂದ ಒಂದು ರಾತ್ರಿ ಪುಯೆಬ್ಲಾ ಸುತ್ತಮುತ್ತಲಿನ ನಕ್ಷೆ ಹರಡಿಕೊಂಡು ಕುಳಿತಾಗ ಒಂದು ವಿಷಯ ಎದ್ದು ಕಂಡಿತು. ಇಲ್ಲಿನ ಹಳೆಯ ಊರುಗಳಿಗೆ ಜೋಡಿ ಹೆಸರು. ಮುಂದಿನದು ಸ್ಪ್ಯಾನಿಷರು ಕೊಟ್ಟ ಸಂತರ ಹೆಸರು. ಹಿಂದಿನದು ಅವರು ಬರುವ ಮೊದಲೇ ಇದ್ದ ನಾವಾತ್ಲ್ ಭಾಷೆಯ ಹೆಸರು. ಸಾನ್ ಫ್ರಾನ್ಸಿಸ್ಕೊ ಅಕಾತೆಪೆಕ್. ಸಾಂತಾ ಮರಿಯಾ ತೊನಾಂತ್ಸಿಂತ್ಲಾ. ಇವೆರಡೂ, ಪಿರಮಿಡ್ಡಿನ ಬಹುಭಾಗವೂ ಸಾನ್ ಆಂದ್ರೆಸ್ ಚೊಲುಲಾ ಎಂಬ ಒಂದೇ ಪುರಸಭೆಯ ವ್ಯಾಪ್ತಿಯಲ್ಲಿವೆ. ಸಂತರ ಹೆಸರನ್ನು ಪಕ್ಕಕ್ಕಿಟ್ಟು ಹಿಂದಿನ ಹೆಸರನ್ನು ಬಿಡಿಸುವುದು, ಬಿಡಿಸಿದ ಮೇಲೆಯೇ ಆ ಜಾಗಕ್ಕೆ ಹೋಗುವುದು ಎಂದು ನಿರ್ಧರಿಸಿದೆ. ಒಂದು ಭಾನುವಾರಕ್ಕೆ ಒಂದೇ ಹೆಸರು.

ಮೊದಲು ಪಿರಮಿಡ್. ಅದರ ನಾವಾತ್ಲ್ ಹೆಸರು ತ್ಲಾಚಿವಾಲ್ತೆಪೆತ್ಲ್. ತೆಪೆತ್ಲ್ ಎಂದರೆ ಬೆಟ್ಟ. ತ್ಲಾಚಿವಾಲ್ ಎಂದರೆ ಮಾಡಿದ್ದು, ಕಟ್ಟಿದ್ದು. ಕಟ್ಟಿದ ಬೆಟ್ಟ! ಇದನ್ನು ಬರೆದುಕೊಂಡ ಕೂಡಲೇ ಎಲ್ಲೆಡೆ ಹರಿದಾಡುವ ಒಂದು ಕಥೆ ನನ್ನ ಪಾಲಿಗೆ ಬಿದ್ದುಹೋಯಿತು. ಸ್ಪ್ಯಾನಿಷರು ಇದನ್ನು ಬರಿಯ ಗುಡ್ಡ ಎಂದುಕೊಂಡು ಗೊತ್ತಿಲ್ಲದೆ ಮೇಲೆ ಚರ್ಚು ಕಟ್ಟಿದರು ಎಂಬುದು ಆ ಕಥೆ. ಗಿಡಮರ ಬೆಳೆದು ಗುಡ್ಡದಂತೆ ಕಾಣುತ್ತಿದ್ದುದು ನಿಜ. ಆದರೆ ಇದು ಮನುಷ್ಯರು ಕಟ್ಟಿದ್ದು ಎಂದು ಹೆಸರೇ ಸಾರಿ ಹೇಳುತ್ತಿತ್ತು. 1581ರಲ್ಲಿ ಗಾಬ್ರಿಯೆಲ್ ದೆ ರೋಹಾಸ್ ಎಂಬ ಸ್ಪ್ಯಾನಿಷ್ ಅಧಿಕಾರಿ ಬರೆದ ಚೊಲುಲಾದ ವರದಿಯಲ್ಲೂ ಇದು ಕೈಯಿಂದ ಮಾಡಿದ ಬೆಟ್ಟವೆಂಬ ಮಾತಿದೆ. ನೆತ್ತಿಯಲ್ಲಿ ಪೂಜೆಗೊಳ್ಳುತ್ತಿದ್ದ ದೇವತೆಯ ಹೆಸರನ್ನೂ ಅವನು ಕೊಡುತ್ತಾನೆ: ಚಿಕೊನಾಉಕಿಯಾವಿತ್ಲ್. ಬಿಡಿಸಿದರೆ 'ಒಂಬತ್ತು ಮಳೆ'. ಮಳೆಯ ದೇವತೆ ಇದ್ದ ಜಾಗದಲ್ಲಿ ಈಗ ಯೇಸುವಿನ ತಾಯಿ ಮರಿಯಾಳ ಒಂದು ರೂಪವಾದ ರೆಮೆದಿಯೊಸ್ ಮಾತೆ ಇದ್ದಾಳೆ. ಗೊತ್ತಿಲ್ಲದೆ ಕಟ್ಟಿದ ಚರ್ಚಲ್ಲ ಅದು. ಗೊತ್ತಿದ್ದೇ ಕಟ್ಟಿದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಟ್ಟ ಹತ್ತುವ ಮೊದಲು ಅದರ ಹೊಟ್ಟೆಯೊಳಗೆ ಹೋಗಬೇಕು ಎಂದು ಅಂದೇ ತೀರ್ಮಾನಿಸಿದೆ. ಆ ವರ್ಷ ಸುರಂಗದ ಒಂದು ಭಾಗ ಜನರಿಗೆ ತೆರೆದಿತ್ತು. 1931ರಲ್ಲಿ ವಾಸ್ತುಶಿಲ್ಪಿ ಇಗ್ನಾಸಿಯೊ ಮಾರ್ಕಿನಾ ಅವರು ಉತ್ಖನನ ಆರಂಭಿಸಿದಾಗ ಮೇಲಿನ ಚರ್ಚಿಗೆ ಧಕ್ಕೆಯಾಗದಂತೆ ಒಳಗನ್ನು ತಿಳಿಯಲು ಇದ್ದ ದಾರಿ ಸುರಂಗ ಕೊರೆಯುವುದು. ಒಟ್ಟು ಸುಮಾರು 8 ಕಿಲೊಮೀಟರ್ ಕೊರೆದರು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ, ಮೇಲೆ ಚೂಪಾದ ಕಮಾನು, ಎರಡೂ ಬದಿಗೆ ಸುಡದ ಹಸಿ ಇಟ್ಟಿಗೆ. ನಡೆಯುತ್ತಾ ಹೋದಂತೆ ಪಕ್ಕದ ಗೋಡೆಯಲ್ಲಿ ಥಟ್ಟನೆ ಮೆಟ್ಟಿಲುಗಳು ಕಾಣಿಸಿಕೊಳ್ಳುತ್ತವೆ. ಅವು ಒಳಗಿನ ಪಿರಮಿಡ್ಡಿನ ಹೊರಮೈ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಿಂದ ಸಾವಿರ ವರ್ಷಗಳವರೆಗೆ ಪ್ರತಿ ಕಾಲದವರೂ ಹಿಂದಿನವರದನ್ನು ಕೆಡವದೆ ಅದರ ಮೇಲೆಯೇ ದೊಡ್ಡದನ್ನು ಕಟ್ಟುತ್ತಾ ಹೋದರು. ತಳದ ಒಂದೊಂದು ಬದಿ ಸುಮಾರು 400 ಮೀಟರ್, ಎತ್ತರ ಸುಮಾರು 65 ಮೀಟರ್. ಕಾಗದದ ಮೇಲೆ ಈ ಅಂಕಿಗಳು ಅಂಕಿಗಳಷ್ಟೇ. ಕತ್ತಲಲ್ಲಿ ಆ ಮೆಟ್ಟಿಲಿನ ಎದುರು ನಿಂತಾಗ, ಇದನ್ನು ಹತ್ತಿದ ಕೊನೆಯ ಮನುಷ್ಯನಿಗೂ ನನಗೂ ನಡುವೆ ಎಷ್ಟು ಇಟ್ಟಿಗೆ, ಎಷ್ಟು ತಲೆಮಾರು ಇವೆಯೆಂದು ಯೋಚಿಸಿ ಮೈ ಜುಮ್ಮೆಂದಿತು. 1969ರಲ್ಲಿ ಈ ಕಟ್ಟಡದಲ್ಲಿ ಸಿಕ್ಕ 'ಕುಡಿಯುವವರು' ಎಂಬ ಭಿತ್ತಿಚಿತ್ರ ಐವತ್ತಕ್ಕೂ ಹೆಚ್ಚು ಮೀಟರ್ ಉದ್ದವಿದೆ. ಕತ್ತಾಳೆಯ ರಸದಿಂದ ಮಾಡಿದ ಪುಲ್ಕೆ ಎಂಬ ಪೇಯವನ್ನು ಹೀರುತ್ತಾ ಕುಳಿತ ನೂರಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ನಾನು ನೋಡಿದ್ದು ವಸ್ತುಸಂಗ್ರಹಾಲಯದಲ್ಲಿರುವ ಪ್ರತಿಕೃತಿಯನ್ನು.

ಆಮೇಲೆ ನೆತ್ತಿಗೆ ಹತ್ತಿದೆ. 16ನೆಯ ಶತಮಾನದಲ್ಲಿ ಕಟ್ಟಿದ ಚರ್ಚು 1864ರ ಭೂಕಂಪದಲ್ಲಿ ಹಾಳಾಗಿ ಮತ್ತೆ ಕಟ್ಟಿದ್ದು. 2017ರ ಸೆಪ್ಟೆಂಬರ್ 19ರ ಭೂಕಂಪದಲ್ಲೂ ಅದರ ಗೋಪುರಗಳಿಗೆ ಪೆಟ್ಟಾಗಿತ್ತು. ಅಲ್ಲಿಂದ ಪಶ್ಚಿಮಕ್ಕೆ ಎರಡು ಪರ್ವತಗಳು ಕಾಣುತ್ತವೆ. ಪೊಪೊಕಾತೆಪೆತ್ಲ್ ಎಂದರೆ ಹೊಗೆಯಾಡುವ ಬೆಟ್ಟ; ಆ ದಿನವೂ ಸಣ್ಣಗೆ ಹೊಗೆಯಾಡುತ್ತಿತ್ತು. ಇಸ್ತಾಕ್ಸಿವಾತ್ಲ್ ಎಂದರೆ ಬಿಳಿ ಹೆಣ್ಣು. ಕೆಳಗೆ ಗುಮ್ಮಟಗಳೋ ಗುಮ್ಮಟಗಳು. ಚೊಲುಲಾದ ದೇಗುಲವೊಂದರ ಮೇಲಿಂದ ನಾನೂರಕ್ಕೂ ಹೆಚ್ಚು ಗೋಪುರಗಳನ್ನು ಎಣಿಸಿದೆನೆಂದು ಮೆಕ್ಸಿಕೊವನ್ನು ಗೆದ್ದ ಸ್ಪ್ಯಾನಿಷ್ ದಂಡನಾಯಕ ಎರ್ನಾನ್ ಕೊರ್ತೆಸ್ ತನ್ನ ದೊರೆಗೆ ಬರೆದಿದ್ದ. ಅದೇ ಪತ್ರದಲ್ಲಿ, 1519ರ ಅಕ್ಟೋಬರಿನಲ್ಲಿ ಈ ಊರಿನಲ್ಲಿ ಕೆಲವೇ ಗಂಟೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದುದನ್ನೂ ಬರೆದಿದ್ದಾನೆ. ಗೋಪುರ ಎಣಿಸಿದ ಕೈಯೇ ಹೆಣಗಳ ಲೆಕ್ಕವನ್ನೂ ಬರೆಯಿತು. ಆ ಎತ್ತರದಲ್ಲಿ ನಿಂತವರು ಇದನ್ನು ನೆನೆಯದೆ ಇಳಿಯಬಾರದು.

ಎರಡನೆಯ ಹೆಸರು ಅಕಾತೆಪೆಕ್. ಅಕಾತ್ಲ್ ಎಂದರೆ ಜೊಂಡು, ತೆಪೆತ್ಲ್ ಬೆಟ್ಟ, ಕೊನೆಯ ಕ್ ನಮ್ಮ 'ಅಲ್ಲಿ' ಇದ್ದಂತೆ. ಜೊಂಡಿನ ಬೆಟ್ಟದಲ್ಲಿ. ಇಲ್ಲಿನ ಚರ್ಚಿನ ಮುಂಭಾಗವನ್ನು ಕೆಂಪು ಇಟ್ಟಿಗೆ ಮತ್ತು ನೀಲಿ, ಹಳದಿ, ಹಸಿರು ಬಣ್ಣದ, ತಾಲವೆರಾ ಎಂಬ ಮೆರುಗಿನ ಹೆಂಚುಗಳಿಂದ ತುಂಬಿದ್ದಾರೆ. ಬೆಳಗಿನ ಬಿಸಿಲಿನಲ್ಲಿ ಇಡೀ ಗೋಡೆ ತೊಳೆದಿಟ್ಟ ಪಿಂಗಾಣಿ ತಟ್ಟೆಯಂತೆ ಹೊಳೆಯುತ್ತದೆ.

ಮೂರನೆಯ ಹೆಸರಿಗೆ ನನಗೆ ಐದು ಭಾನುವಾರ ಬೇಕಾಯಿತು. ತೊನಾಂತ್ಸಿಂತ್ಲಾ. ತೊ ಎಂದರೆ ನಮ್ಮ. ನಾನ್ ಎಂದರೆ ತಾಯಿ. ತ್ಸಿನ್ ಎಂಬುದು ಗೌರವ, ಪ್ರೀತಿಗಳ ಪ್ರತ್ಯಯ. ತ್ಲಾ ಎಂದರೆ ಜಾಗ. ಇದನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ತ್ಸಿನ್ ಜಾರಿಹೋಗುತ್ತದೆ. ಕನ್ನಡದಲ್ಲಿ ಒಂದು ತುಣುಕೂ ಜಾರುವುದಿಲ್ಲ: ನಮ್ಮ ಅಮ್ಮನವರ ಊರು. ದೇವಿಯನ್ನು ನಾವು ಅಮ್ಮ ಎಂದಷ್ಟೇ ಅಲ್ಲ, ಅಮ್ಮನವರು ಎಂದೂ ಕರೆಯುತ್ತೇವಲ್ಲವೇ? ಅದೇ ತ್ಸಿನ್. ಆ ಭಾಷೆಯವರಿಗೆ ತೊನಾಂತ್ಸಿನ್ ಭೂದೇವಿ, ಮಾತೃದೇವತೆ. ಫ್ರಾನ್ಸಿಸ್ಕನ್ ಪಾದ್ರಿಗಳು ಇಲ್ಲಿ ಮರಿಯಾಳನ್ನು ನೆಲೆಗೊಳಿಸಿದರು. ಅಮ್ಮನವರು ಮಾತ್ರ ಹೆಸರಿನಲ್ಲಿ ಉಳಿದುಕೊಂಡರು.

ಆ ಚರ್ಚಿನೊಳಗೆ ಫೋಟೊ ತೆಗೆಯುವಂತಿಲ್ಲ. ಹಾಗಾಗಿ ಒಂದು ನೋಟ್‌ಪುಸ್ತಕ, ಪೆನ್ಸಿಲ್ ಹಿಡಿದು ಹೋದೆ; ಇದರಿಂದ ನನಗೆ ಒಳ್ಳೆಯದೇ ಆಯಿತು. ಹೊರಗಿನಿಂದ ಸಾಧಾರಣ ಗೋಡೆ. ಒಳಗೆ ಕಾಲಿಟ್ಟರೆ ಗುಮ್ಮಟದಿಂದ ಕಂಬದ ಬುಡದವರೆಗೆ ಅಂಗೈ ಅಗಲದ ಖಾಲಿ ಜಾಗವಿಲ್ಲ. ಎಲ್ಲವೂ ಬಣ್ಣ, ಚಿನ್ನದ ಲೇಪ ಬಳಿದ ಗಾರೆಯ ಉಬ್ಬುಚಿತ್ರ. ಮೊದಲ ಭಾನುವಾರ ಕಣ್ಣು ಕತ್ತಲಿಟ್ಟಂತಾಗಿ ಎದ್ದು ಬಂದೆ. ಎರಡನೆಯ ವಾರ ಒಂದೇ ಕಂಬವನ್ನು ಆರಿಸಿಕೊಂಡು ಅದರ ಎದುರಿನ ಬೆಂಚಿನ ಮೇಲೆ ಕುಳಿತೆ. ಆಗ ಒಂದೊಂದಾಗಿ ಹೊರಬಂದವು: ಹಣ್ಣಿನ ಗೊಂಚಲುಗಳು, ಮೆಕ್ಕೆಜೋಳದ ತೆನೆ, ಕಂದು ಮುಖದ ದೇವದೂತರು, ಗರಿಯ ಕಿರೀಟ ತೊಟ್ಟ ಮಕ್ಕಳು. ಮಳೆದೇವರಾದ ತ್ಲಾಲೊಕನ ಸ್ವರ್ಗವನ್ನೇ ಇಲ್ಲಿನ ಕುಶಲಕರ್ಮಿಗಳು ಚರ್ಚಿನೊಳಗೆ ಅರಳಿಸಿದ್ದಾರೆ ಎಂದು ಹೇಳುವ ವಿದ್ವಾಂಸರಿದ್ದಾರೆ. ಐದನೆಯ ಭಾನುವಾರದ ಹೊತ್ತಿಗೆ ನನಗೂ ಹಾಗೆಯೇ ಅನ್ನಿಸತೊಡಗಿತ್ತು. ಇದೇ ಊರಿನ ಗುಡ್ಡದ ಮೇಲೆ 1942ರಲ್ಲಿ ಆರಂಭವಾದ ಖಗೋಳ ವೀಕ್ಷಣಾಲಯವಿದೆ. ನಕ್ಷತ್ರಗಳ ಹುಟ್ಟಿಗೆ ಸಂಬಂಧಿಸಿದ ಹರ್ಬಿಗ್-ಹಾರೊ ಕಾಯಗಳ ಹೆಸರಿನಲ್ಲಿರುವ ಗಿಯೆರ್ಮೊ ಹಾರೊ ಅವರು ದುಡಿದ ಜಾಗ ಅದು.

ಚರ್ಚಿನ ಹೊರಗೆ ಒಬ್ಬ ಹಿರಿಯ ಹೆಂಗಸು ಇದ್ದಿಲ ಒಲೆಯ ಮೇಲೆ ಅಗಲವಾದ ಕಾವಲಿ ಇಟ್ಟು, ನೀಲಿ ಮೆಕ್ಕೆಜೋಳದ ಹಿಟ್ಟಿನೊಳಗೆ ಹುರುಳಿಕಾಯಿ ಬೀಜದ ಹೂರಣ ತುಂಬಿ ತ್ಲಾಕೊಯೊ ತಟ್ಟುತ್ತಿದ್ದರು. ಮೇಲೆ ಹೆಚ್ಚಿದ ಪಾಪಸುಕಳ್ಳಿ, ಹಸಿರು ಖಾರ. ಪ್ರತಿ ಭಾನುವಾರ ನನ್ನ ಊಟ ಅದೇ. ನಾನು ಹೆಸರುಗಳನ್ನು ಬರೆದುಕೊಳ್ಳುತ್ತೇನೆಂದು ಅವರಿಗೆ ಗೊತ್ತಾಗಿತ್ತು. ಮಾತಿನ ನಡುವೆ ಅವರು ಮರಿಯಾಳನ್ನು 'ಮಾದ್ರೆಸಿತಾ' ಎನ್ನುತ್ತಿದ್ದರು. ಸ್ಪ್ಯಾನಿಷಿನಲ್ಲಿ 'ಪುಟ್ಟ ತಾಯಿ' ಎಂದಾಗುವ ಆ ಪದಕ್ಕೆ ಅವರ ಬಾಯಲ್ಲಿ ಇದ್ದ ಅರ್ಥ ಅಮ್ಮನವರು ಎಂದೇ.

ಐದನೆಯ ಭಾನುವಾರ ಅವರು ನನ್ನನ್ನೇ ಕೇಳಿದರು: "ನಿಮ್ಮ ಊರಿನ ಹೆಸರಿಗೆ ಏನರ್ಥ, ಮಗನೇ?"

ಹಿಟ್ಟು ಉದುರಿದ್ದ ಮೇಜಿನ ಮೇಲೆ ಬೆರಳಿನಿಂದ ಎರಡು ತುಂಡಾಗಿ ಬರೆದು ತೋರಿಸಿದೆ. ಅರಸಿ ಎಂದರೆ ರಾಣಿ. ಕೆರೆ ಎಂದರೆ ಮಳೆನೀರು ನಿಲ್ಲಲು ಜನ ಕಟ್ಟಿದ್ದು.

"ಕಟ್ಟಿದ್ದು" ಎಂದು ಅವರು ಒಮ್ಮೆ ಹೇಳಿಕೊಂಡು, ದೂರದಲ್ಲಿ ಕಾಣುತ್ತಿದ್ದ ಹಳದಿ ಚರ್ಚಿನ ಬೆಟ್ಟದ ಕಡೆ ನೋಡಿದರು. ಆಮೇಲೆ ಕೇಳಿದರು: "ನೀರು ಇದೆಯೇ ಅದರಲ್ಲಿ, ಈಗಲೂ?"

"ಮಳೆ ಬಂದ ವರ್ಷ ಇರುತ್ತದೆ" ಎಂದೆ.